ಚಾಕಿ ಮನೆಯ ನಾಯಿಮರಿಗಳು

“ಸಾರ್, ನೀರಿನ ಟ್ಯಾಂಕಿನ ಹಿಂದೆ ನಾಯಿಮರಿ ಅಳ್ತಾ ಇದಾವೆ ಸಾರ್.”

2025ರ ನವೆಂಬರ್ ಕೊನೆಯ ವಾರ. ಶಿಡ್ಲಘಟ್ಟದ ನಮ್ಮ ಶಾಲೆಯಲ್ಲಿ ಎಂಟನೆಯ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡುತ್ತಿದ್ದೆ. ಪಾಠ ಅಲ್ಲಿಗೇ ನಿಂತಿತು. ಹೋಗಿ ನೋಡಿದರೆ ನಾಲ್ಕು ಮರಿಗಳು ಒಂದರ ಮೇಲೊಂದು ಬಿದ್ದು ನಡುಗುತ್ತಿದ್ದವು. ತಾಯಿ ಹಿಂದಿನ ರಾತ್ರಿ ರಸ್ತೆಯಲ್ಲಿ ಲಾರಿಗೆ ಸಿಕ್ಕಿತ್ತು. ವಯಸ್ಸು ಐದು ವಾರ ಇದ್ದೀತು. ಕಣ್ಣು ಬಿಟ್ಟಿದ್ದವು, ಹಲ್ಲು ಮೂಡಿದ್ದವು.

ಅದೇ ತಿಂಗಳ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆರವುಗೊಳಿಸಬೇಕೆಂದು ಆದೇಶ ಕೊಟ್ಟಿತ್ತು. ಸ್ಟಾಫ್ ರೂಮಿನಲ್ಲಿ ನಮಗೆ ಅದೇ ಮಾತು. ನಾಯಿ ಕಚ್ಚಿದ ಮಗುವಿನ ತಾಯಿಯ ಸಂಕಟ ಕಂಡವರಾರೂ ಆ ಆದೇಶದ ಹಿಂದಿನ ಕಾಳಜಿಯನ್ನು ಅಲ್ಲಗಳೆಯಲಾರರು. ಆದರೆ ಮಕ್ಕಳು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. “ಇಲ್ಲಿಂದ ತೆಗೆದು ಎಲ್ಲಿ ಬಿಡೋದು ಸಾರ್?”

ಮೂರು ಸಲಹೆಗಳು ಬಂದವು. ಒಂದು, ಕೆರೆ ಏರಿಯ ಆಚೆ ಬಿಟ್ಟು ಬರುವುದು. ಎರಡು, ಯಾರು ಕೇಳುತ್ತಾರೋ ಅವರ ಕೈಗೆ ಅಂದೇ ಒಂದೊಂದು ಕೊಟ್ಟುಬಿಡುವುದು. ಮೂರನೆಯದನ್ನು ಹೇಳಿದವಳು ರೇಷ್ಮೆ ಸಾಕುವ ಮನೆಯ ಹುಡುಗಿ. “ಚಾಕಿ ಮಾಡಿ ಕೊಡೋ ಹಾಗೆ ಕೊಡಬಹುದಲ್ವಾ ಸಾರ್?”

ರೇಷ್ಮೆ ಸೀಮೆಯ ಹೊರಗಿನ ಓದುಗರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೊಟ್ಟೆಯೊಡೆದು ಬಂದ ಹುಳುವನ್ನು ನೇರವಾಗಿ ರೈತನ ಹುಳುಮನೆಗೆ ಕೊಡುವುದು ಈಗ ಕಡಿಮೆ. ಚಾಕಿ ಕೇಂದ್ರದವರು ಹದವಾದ ಶಾಖ, ತೇವ ಕೊಟ್ಟು, ಎಳೆಯ ಸೊಪ್ಪು ಹಾಕಿ, ಎರಡನೆಯ ಜ್ವರ ದಾಟುವವರೆಗೆ ಸಾಕಿ ಆಮೇಲೆ ಕೊಡುತ್ತಾರೆ. ಎಳೆತನದಲ್ಲಿ ಸರಿಯಾಗಿ ಬೆಳೆದ ಹುಳು ಮುಂದೆ ಕೈಕೊಡುವುದು ಕಡಿಮೆ. ಅನಾಥ ನಾಯಿಮರಿಗೂ ಹೀಗೊಂದು ನಡುವಿನ ಮನೆ ಬೇಕು. ಪಟ್ಟಣದವರು ಇದನ್ನು ಫಾಸ್ಟರ್ ಹೋಮ್ ಎನ್ನುತ್ತಾರೆ. ನಮ್ಮ ಹುಡುಗಿಯ ಮಾತಿನಂತೆ ನಾನು ಚಾಕಿ ಮನೆ ಎನ್ನುತ್ತೇನೆ.

ಊರಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದಾರೆ. ಮಕ್ಕಳೆಲ್ಲ ಅವರನ್ನು ನರ್ಸಮ್ಮ ಎಂದೇ ಕರೆಯುವುದು. ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಅವರ ಮನೆಗೆ ಒಯ್ದೆವು. ಅವರು ಮೊದಲು ನೋಡಿದ್ದು ಮರಿಗಳನ್ನಲ್ಲ, ಮಕ್ಕಳ ಕೈಗಳನ್ನು. “ಯಾರಿಗಾದರೂ ಪರಚಿದೆಯಾ? ಕಚ್ಚಿದೆಯಾ?” ಎಲ್ಲರೂ ಇಲ್ಲ ಎಂದರು. ಒಬ್ಬ ಹುಡುಗ ಮಾತ್ರ ಕೈಯನ್ನು ಜೇಬಿನಿಂದ ತೆಗೆಯಲಿಲ್ಲ. ಅಮ್ಮ ಬೈಯುತ್ತಾಳೆಂದು ಅವನು ಬೆರಳಿನ ಗಾಯ ಮುಚ್ಚಿಟ್ಟಿದ್ದ. ಎಳೆಯ ಹಲ್ಲು ಸೂಜಿಯ ಹಾಗೆ ಚುಚ್ಚಿತ್ತು. ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಸಿ, ಅವನ ತಾಯಿಗೆ ಹೇಳಿಕಳುಹಿಸಿ, ಅಂದೇ ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಶುರು ಮಾಡಿಸಿದೆವು.

ಪಾಲಕರೇ, ಇದನ್ನು ದಯವಿಟ್ಟು ಗಮನಿಸಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವವರು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕಚ್ಚಿದ ಕೂಡಲೇ ತೊಳೆದು ಲಸಿಕೆ ಹಾಕಿಸಿದರೆ ತಡೆಯಬಹುದಾದ ರೋಗ ಅದು. ಅರಿಸಿನ, ಸುಣ್ಣ, ಕಾಫಿಪುಡಿ ಮೆತ್ತುವುದರಿಂದ ಹೊತ್ತು ಹಾಳು, ಅಷ್ಟೇ. ಮಗು ಗಾಯ ಮುಚ್ಚಿಡುವುದು ನಾಯಿಗೆ ಹೆದರಿ ಅಲ್ಲ, ನಮಗೆ ಹೆದರಿ. ಬೈಯುವುದನ್ನು ನಾಳೆಗೆ ಇಟ್ಟುಕೊಳ್ಳಿ.

ಅಂದು ನಿಲ್ಲಿಸಿದ್ದ ಪಾಠವನ್ನು ಮರುದಿನ ಇಲ್ಲಿಂದಲೇ ಮುಂದುವರಿಸಿದೆ. ರೇಬೀಸಿಗೆ ಲಸಿಕೆ ಕೊಟ್ಟ ಲೂಯಿ ಪಾಶ್ಚರ್ ಅದಕ್ಕೂ ಮೊದಲು ರೇಷ್ಮೆಯವರ ಬಂಧು. 1865ರಲ್ಲಿ ಫ್ರಾನ್ಸಿನ ರೇಷ್ಮೆ ಹುಳುಗಳು ಪೆಬ್ರಿನ್ ರೋಗದಿಂದ ಸಾಯುತ್ತಿದ್ದಾಗ ಅವರನ್ನು ಕರೆಸಿದರು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗ ಕಂಡರೆ ಅದರ ಮೊಟ್ಟೆಗಳನ್ನು ನಾಶ ಮಾಡುವುದು, ಇದು ಅವರು ಕಲಿಸಿದ ಉಪಾಯ. ನಮ್ಮ ಮೊಟ್ಟೆ ಕೇಂದ್ರಗಳಲ್ಲಿ ಇಂದಿಗೂ ನಡೆಯುವುದು ಅದೇ ಪರೀಕ್ಷೆ. ಇಪ್ಪತ್ತು ವರ್ಷಗಳ ನಂತರ, 1885ರ ಜುಲೈ 6ರಂದು, ಹುಚ್ಚುನಾಯಿ ಕಚ್ಚಿದ್ದ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಅವರ ಲಸಿಕೆ ಮೊದಲ ಬಾರಿಗೆ ಬಿತ್ತು. ಹುಡುಗ ಉಳಿದ.

ಮರಿಗಳಿಗೆ ಮಕ್ಕಳು ಬಣ್ಣ ನೋಡಿ ಹೆಸರಿಟ್ಟರು: ಕೆಂಚ, ಬಿಳಿಯ, ಚುಕ್ಕಿ, ಬೂದ. ನಾಲ್ಕನೆಯ ದಿನ ಬೂದ ಊಟ ಬಿಟ್ಟಿತು, ವಾಂತಿ, ರಕ್ತಭೇದಿ. ಪಶುವೈದ್ಯರು ಪಾರ್ವೊ ಎಂದರು. ಎರಡು ದಿನ ಗ್ಲೂಕೋಸ್ ಏರಿಸಿದರೂ ಉಳಿಯಲಿಲ್ಲ. ಅಂದು ಎಂಟನೆಯ ತರಗತಿಯಲ್ಲಿ ಯಾರೂ ಗಲಾಟೆ ಮಾಡಲಿಲ್ಲ.

ಎರಡನೆಯ ಸಲಹೆಯಂತೆ ಮೊದಲ ದಿನವೇ ಹಂಚಿಬಿಟ್ಟಿದ್ದರೆ ಏನಾಗುತ್ತಿತ್ತು? ಯಾವುದೋ ಮನೆಯ ಮಗು ತನ್ನ ಮೊದಲ ನಾಯಿಮರಿಯ ಸಾವನ್ನು ವಾರದೊಳಗೆ ನೋಡುತ್ತಿತ್ತು. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತವಿರುವುದರಿಂದ ಆ ಅಂಗಳಕ್ಕೆ ಮುಂದೆ ಬರುವ ಮರಿಗೂ ಅಪಾಯವಿರುತ್ತಿತ್ತು. ಮೈಯೊಳಗೆ ಅಡಗಿದ ರೋಗ ಹೊರಬೀಳಲು ಒಂದೆರಡು ವಾರ ಬೇಕು. ಆ ಎರಡು ವಾರಗಳನ್ನು ತನ್ನ ಮೇಲೆ ಹಾಕಿಕೊಳ್ಳುವುದೇ ಚಾಕಿ ಮನೆಯ ದೊಡ್ಡ ಉಪಕಾರ. ನರ್ಸಮ್ಮ ಅಂಗಳಕ್ಕೆಲ್ಲ ಬ್ಲೀಚಿಂಗ್ ಪುಡಿಯ ನೀರು ಹಾಕಿ ತೊಳೆದು, ಉಳಿದ ಮೂರನ್ನು ಬೇರೆ ಕೋಣೆಯಲ್ಲಿಟ್ಟರು. ಅವಕ್ಕೆ ಜಂತುಹುಳುವಿನ ಔಷಧಿ, ಪಾರ್ವೊ ಮತ್ತು ಡಿಸ್ಟೆಂಪರ್ ಲಸಿಕೆ ಆಯಿತು. ರೇಬೀಸ್ ಲಸಿಕೆ ಮೂರು ತಿಂಗಳು ತುಂಬಿದ ಮೇಲೆ. ನರ್ಸಮ್ಮನ ನೋಟ್ ಬುಕ್ಕಿನಲ್ಲಿ ಪ್ರತಿ ಮರಿಗೂ ಒಂದು ಪುಟ: ತೂಕ, ಊಟ, ಭೇದಿ, ಗುಣ. ‘ಚುಕ್ಕಿ: ಪಟಾಕಿಗೆ ಹೆದರುವುದಿಲ್ಲ. ಬಿಳಿಯ: ಊಟದ ತಟ್ಟೆ ಮುಟ್ಟಿದರೆ ಗುರ್ ಎನ್ನುತ್ತದೆ. ಕೆಂಚ: ಒಂಟಿಯಾಗಿ ಬಿಟ್ಟರೆ ಅಳುತ್ತದೆ.’ ಇಂಥ ಪುಟ ಅಂಗಡಿಯಲ್ಲಿ ಹಣ ಕೊಟ್ಟು ತರುವ ಮರಿಯ ಜೊತೆ ಬರುವುದಿಲ್ಲ.

ಅಂಗಡಿಯ ಮಾತು ಬಂತು. 2022ರಲ್ಲಿ ‘777 ಚಾರ್ಲಿ’ ಸಿನಿಮಾ ನೋಡಿ ಬಂದ ನಮ್ಮ ಹುಡುಗರಿಗೆಲ್ಲ ಲ್ಯಾಬ್ರಡಾರ್ ಬೇಕಿತ್ತು. ಮರಿ ಹಾಕಿಸಿ ಮಾರುವ ದಂಧೆಯ ಕ್ರೌರ್ಯವನ್ನು ಆ ಚಿತ್ರವೇ ತೋರಿಸಿದ್ದು ಮಾತ್ರ ಅವರಿಗೆ ಮರೆತಿತ್ತು. ಒಂದೇ ರಕ್ತದ ನಾಯಿಗಳನ್ನು ತಲೆತಲಾಂತರ ಕೂಡಿಸಿದರೆ ಅಡಗಿದ್ದ ದೋಷದ ವಂಶವಾಹಿಗಳು ಜೋಡಿಯಾಗಿ ರೋಗವಾಗಿ ಹೊರಬರುತ್ತವೆ. ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೈಸೂರು ತಳಿಯನ್ನು ದ್ವಿತಳಿಯ ಜೊತೆ ಕೂಡಿಸಿದ ಮಿಶ್ರತಳಿ ಏಕೆ ಚೆನ್ನಾಗಿ ಬರುತ್ತದೆಂಬುದು ಅವರಿಗೆ ಗೊತ್ತು. ಬೀದಿಯ ನಾಯಿಯೂ ಮಿಶ್ರತಳಿಯೇ; ನಮ್ಮ ಬಿಸಿಲಿಗೆ ಒಗ್ಗಿದ್ದು.

ದತ್ತು ಕೇಳಿಕೊಂಡು ಬಂದವರಿಗೆಲ್ಲ ನರ್ಸಮ್ಮ ಐದು ಪ್ರಶ್ನೆ ಕೇಳುತ್ತಿದ್ದರು. ಮನೆಯವರೆಲ್ಲ ಒಪ್ಪಿದ್ದಾರೆಯೇ? ಬಾಡಿಗೆ ಮನೆಯಾದರೆ ಮಾಲೀಕರು? ಹಗಲು ಯಾರಿರುತ್ತಾರೆ? ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ಬೆಳೆದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುತ್ತೀರಾ? ನಾಯಿ ಹತ್ತರಿಂದ ಹದಿನೈದು ವರ್ಷ ಬದುಕುತ್ತದೆ. ಎಂಟನೆಯ ತರಗತಿಯ ಮಗು ತಂದ ಮರಿ ಮುದಿಯಾಗುವ ಹೊತ್ತಿಗೆ ಆ ಮಗು ಕೆಲಸ ಹಿಡಿದು ಬೇರೆ ಊರಿನಲ್ಲಿರುತ್ತದೆ. ಕೊನೆಗೆ ನಾಯಿಯನ್ನು ನೋಡಿಕೊಳ್ಳುವವರು ತಂದೆತಾಯಿಯೇ. ಆದ್ದರಿಂದ ಒಪ್ಪಿಗೆ ಅವರದೇ ಇರಬೇಕು.

ಚುಕ್ಕಿ ಚಿಕ್ಕಬಳ್ಳಾಪುರದ ಬಳಿಯ ದ್ರಾಕ್ಷಿ ತೋಟದ ಮನೆಗೆ ಹೋಯಿತು. ದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ, ಉದುರಿದ ಹಣ್ಣನ್ನು ಅದು ತಿನ್ನದಂತೆ ನೋಡಿಕೊಳ್ಳಿ ಎಂದು ಹೇಳಿಯೇ ಕೊಟ್ಟೆವು. ಬಿಳಿಯ ನಮ್ಮ ರೇಷ್ಮೆ ಹುಡುಗಿಯ ಮನೆ ಸೇರಿತು. ಹುಳುಮನೆಗೆ ಹೊಡೆಯುವ ಔಷಧಿ, ಸುಣ್ಣ, ಬ್ಲೀಚಿಂಗ್ ಪುಡಿ ಇರುವ ಕಡೆ ಬಿಡಬಾರದೆಂಬುದು ಅಲ್ಲಿಯ ಕಟ್ಟಳೆ. ಕೆಂಚ ಚಿಂತಾಮಣಿಗೆ ಹೋಯಿತು.

ಹನ್ನೊಂದನೆಯ ದಿನ ಕೆಂಚ ಹಿಂತಿರುಗಿತು. ರಾತ್ರಿಯೆಲ್ಲ ಅಳುತ್ತದೆ, ಚಪ್ಪಲಿ ಕಡಿಯುತ್ತದೆ, ಮನೆ ಮಾಲೀಕರು ಬೇಡ ಎಂದಿದ್ದಾರೆ. ತಂದುಬಿಟ್ಟ ಅಪ್ಪನ ಮುಖ ಸಣ್ಣದಾಗಿತ್ತು. ಜೊತೆಗಿದ್ದ ಮಗ ಸ್ಕೂಟರಿನಿಂದ ಇಳಿಯಲೇ ಇಲ್ಲ. ನಮ್ಮಲ್ಲಿ ಕೆಲವರು ಅವರನ್ನು ಆಡಿಕೊಂಡರು. ನರ್ಸಮ್ಮ ಮಾತ್ರ, “ರಸ್ತೆಗೆ ಬಿಡದೆ ವಾಪಸು ತಂದುಕೊಟ್ರಲ್ಲ, ನಿಮಗೆ ಪುಣ್ಯ ಬರಲಿ” ಎಂದರು.

ಆ ಮಾತು ನನಗೆ ತಾಗಿತು. 1998ರಲ್ಲಿ ಗೌರಿಬಿದನೂರಿನಿಂದ ನನಗೆ ವರ್ಗವಾದಾಗ ನಮ್ಮ ಮನೆಯಲ್ಲೊಂದು ನಾಯಿ ಇತ್ತು, ರಾಜ ಎಂದು. ಹೊಸ ಊರಿನಲ್ಲಿ ಬಾಡಿಗೆ ಮನೆ, ಕೈಗೂಸು. ಓಣಿಯವರು ಹೇಗೂ ಅನ್ನ ಹಾಕುತ್ತಾರೆಂದು ನನಗೆ ನಾನೇ ಹೇಳಿಕೊಂಡು ಬಿಟ್ಟುಬಂದೆ. ಸಾಮಾನಿನ ಲಾರಿಯ ಹಿಂದೆ ಅದು ರೈಲ್ವೆ ಗೇಟಿನವರೆಗೂ ಓಡಿಬಂತು. ತಿಂಗಳ ಮೇಲೆ ಹೋಗಿ ವಿಚಾರಿಸಿದರೆ, ಬೀಗ ಹಾಕಿದ ಬಾಗಿಲ ಮುಂದೆ ಕೆಲವು ದಿನ ಮಲಗಿತ್ತು, ಆಮೇಲೆ ಕಾಣಲಿಲ್ಲ ಎಂದರು. ಜೀವಿಗಳ ಲಕ್ಷಣಗಳನ್ನು ವರ್ಷ ವರ್ಷ ಪಾಠ ಮಾಡುವ ನಾನು ಇದನ್ನು ಯಾವ ತರಗತಿಯಲ್ಲೂ ಹೇಳಿರಲಿಲ್ಲ.

ನರ್ಸಮ್ಮನಿಗೆ ಆ ವಾರ ಮಗಳ ಬಾಣಂತನ. ಕೆಂಚನನ್ನು ನಾನು ಮನೆಗೆ ಕರೆತಂದೆ. ನನ್ನಾಕೆಗೆ ಉಬ್ಬಸ, ಹಾಗಾಗಿ ಖಾಯಂ ಇಟ್ಟುಕೊಳ್ಳುವ ಹಾಗಿಲ್ಲ. ಹಿತ್ತಿಲ ಕೋಣೆಯಲ್ಲಿ ನಾಲ್ಕು ವಾರ. ಮೊದಲ ಮೂರು ದಿನ ಅದು ಮೂಲೆ ಬಿಟ್ಟು ಬರಲಿಲ್ಲ. ಮೂರು ವಾರಕ್ಕೆ ಮನೆಯ ಹೊತ್ತುಗೊತ್ತು ತಿಳಿಯಿತು. ಮೂರು ತಿಂಗಳಿಗೆ ಅದು ಪೂರ್ತಿ ಮನೆಯದಾಗುತ್ತದೆಂದು ನಾಯಿ ಸಾಕಿ ಕೊಡುವವರೆಲ್ಲ ಅಂದಾಜು ಹೇಳುತ್ತಾರೆ. ಮೊದಲು ಐದು ನಿಮಿಷ, ಆಮೇಲೆ ಹತ್ತು, ಇಪ್ಪತ್ತು ಎಂದು ಒಂಟಿಯಾಗಿ ಬಿಟ್ಟು ಅಭ್ಯಾಸ ಮಾಡಿಸಿದೆ. ಅಳು ನಿಂತಿತು. ಮರಿಗೆ ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗಿನ ಕಾಲ ಬಹಳ ಮುಖ್ಯ. ಆಗ ಕಂಡ ಮನುಷ್ಯರು, ಮಕ್ಕಳು, ಕುಕ್ಕರಿನ ಸೀಟಿ ಇವಕ್ಕೆಲ್ಲ ಅದು ಜೀವಮಾನವಿಡೀ ಹೆದರುವುದಿಲ್ಲ. ಆ ಕಾಲವನ್ನು ಗೋಣಿಚೀಲದಲ್ಲೋ ಬೋನಿನಲ್ಲೋ ಕಳೆದ ಮರಿ ಮುಂದೆ ಹೆದರಿ ಕಚ್ಚಿದರೆ ತಪ್ಪು ಅದರದಲ್ಲ.

ದತ್ತು, ಚಾಕಿ ಮನೆ ಎಲ್ಲ ಪಟ್ಟಣದವರ ಷೋಕಿ ಎನ್ನುವವರಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನ ಕ್ರಿ.ಶ. 949–50ರ ಶಾಸನವನ್ನು ಅವರು ಕೇಳಿರಲಿಕ್ಕಿಲ್ಲ. ಯುದ್ಧದಲ್ಲಿ ಮೆರೆದ ಮಣಲೇರನಿಗೆ ಅರಸ ಮೆಚ್ಚಿ ಏನು ಬೇಕೋ ಕೇಳು ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕಾಡುಹಂದಿಯೊಡನೆ ಹೋರಾಡಿ ಅದು ಸತ್ತಾಗ ಕಲ್ಲು ನಿಲ್ಲಿಸಿದರು. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸ್ವತ್ತು. ಅದೇ ಬೆಂಗಳೂರಿನಲ್ಲಿ 1991ರಲ್ಲಿ, ಎಂಬತ್ತು ದಾಟಿದ್ದ ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಮಹಿಳೆ ‘ಕ್ಯೂಪಾ’ ಸಂಸ್ಥೆ ಕಟ್ಟಿದರು. ಗಾಯಗೊಂಡ, ಕೈಬಿಟ್ಟ ಪ್ರಾಣಿಗಳಿಗೆ ಚಿಕಿತ್ಸೆ ಕೊಟ್ಟು ಮನೆ ಹುಡುಕುವ ಕೆಲಸಕ್ಕೆ ನಮ್ಮ ರಾಜ್ಯದಲ್ಲಿ ದಾರಿ ಹಾಕಿದವರಲ್ಲಿ ಅವರೂ ಒಬ್ಬರು. ಬೀದಿನಾಯಿಗಳನ್ನು ದತ್ತು ಪಡೆಯಬಹುದು, ಆದರೆ ಪಡೆದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆ ಪಡೆದವರದು ಎಂದು ಸುಪ್ರೀಂ ಕೋರ್ಟು 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿದೆ.

ಕೆಂಚನಿಗೆ ಮನೆ ಸಿಕ್ಕಿದ್ದು ಎಲ್ಲಿ ಅಂತೀರಿ? ಗೌರಿಬಿದನೂರಿನಲ್ಲಿ. ಸ್ವಂತ ಮನೆ, ಹಿತ್ತಿಲು, ಹಗಲೆಲ್ಲ ಮನೆಯಲ್ಲಿರುವ ಅಜ್ಜ. ಐದು ಪ್ರಶ್ನೆಗಳಿಗೂ ಸರಿಯಾದ ಉತ್ತರ. ರೇಬೀಸ್ ಲಸಿಕೆಯ ಕಾರ್ಡು, ನರ್ಸಮ್ಮ ಬರೆದ ಪುಟ, ಕೆಂಚ ಮಲಗುತ್ತಿದ್ದ ಹಳೆಯ ಟವೆಲ್ಲು ಮೂರನ್ನೂ ಕೊಟ್ಟೆ. ನಾನು ಹೊರಡುವಾಗ ಅದು ಅಜ್ಜನ ಕೈ ಮೂಸುತ್ತಿತ್ತು, ನನ್ನ ಕಡೆ ತಿರುಗಲಿಲ್ಲ. ಹಾಗಾದದ್ದೇ ಒಳ್ಳೆಯದಾಯಿತು. ಬರುವಾಗ ಅದೇ ರೈಲ್ವೆ ಗೇಟು ಹಾಕಿತ್ತು. ರೈಲು ಹೋಗುವವರೆಗೆ ನಿಂತಿದ್ದು ಬಂದೆ.

ಈ ವಾರದ ಪ್ರಯೋಗ: ನಾಯಿಯಿಲ್ಲದೆ ನಾಯಿ ಸಾಕುವುದು. ನಾಯಿಮರಿ ಬೇಕೆಂದು ಹಟ ಮಾಡುವ ಮಕ್ಕಳೇ, ಏಳು ದಿನ ಬೆಳಿಗ್ಗೆ ಆರಕ್ಕೆ ಎದ್ದು, ಕೈಯಲ್ಲೊಂದು ಹಗ್ಗ ಹಿಡಿದು ಅಪ್ಪ ಅಥವಾ ಅಮ್ಮನ ಜೊತೆ ಅರ್ಧ ಗಂಟೆ ನಡೆಯಿರಿ. ಹೊತ್ತಿಗೆ ಸರಿಯಾಗಿ ಎರಡು ಸಲ ಒಂದು ಬಟ್ಟಲು ತೊಳೆದು ನೀರಿಡಿ. ದಿನಕ್ಕೊಮ್ಮೆ ಅಂಗಳದ ಒಂದು ಮೂಲೆ ಗುಡಿಸಿ. ಎಲ್ಲವನ್ನೂ ನೋಟ್ ಬುಕ್ಕಿನಲ್ಲಿ ಬರೆಯಿರಿ. ಮಳೆ ಬಂದ ದಿನವೂ, ಪರೀಕ್ಷೆಯ ದಿನವೂ ತಪ್ಪದಿದ್ದರೆ ಆ ಪುಸ್ತಕವನ್ನು ಅಪ್ಪ ಅಮ್ಮನ ಮುಂದಿಡಿ. ಪಾಲಕರೇ, ಆಗ ಯೋಚಿಸಿ ಉತ್ತರ ಕೊಡಿ. ಆಗದು ಎನ್ನಿಸಿದರೆ ಆಗದು ಎಂದೇ ಹೇಳಿ. ಒಲ್ಲದ ಮನಸ್ಸಿನಿಂದ ಹೂಂ ಎಂದು ಆಮೇಲೆ ಗೇಟಿನ ಬಳಿ ಬಿಟ್ಟುಬರುವುದಕ್ಕಿಂತ ಅದು ಎಷ್ಟೋ ವಾಸಿ.