ಬಿಚ್ಚದ ಮೂಟೆಗೆ ಯಾವ ದರ?

ಮೊಬೈಲಿನ ಕಾರ್ಡಿನಾಟದಲ್ಲಿ ಮುಚ್ಚಿದ ಎಲೆಗಳ ಕಟ್ಟೊಂದನ್ನು ‘ಅರ್ಧ ಬೆಲೆ’ಗೆ ಕೊಂಡೆನೆಂದು ಮಗ ಹಿಗ್ಗಿದ. ಯಾವ ಬೆಲೆಯ ಅರ್ಧವಪ್ಪಾ? ಪೂರ್ತಿ ಬೆಲೆ ಕಟ್ಟಿದವನೂ ಮಾರುವವನೇ, ಇಳಿಸಿದವನೂ ಅವನೇ! ನಮ್ಮ ಮೂಡಿಗೆರೆ, ಕಳಸಗಳಲ್ಲಿ ಕಾಫಿ ಕೊಳ್ಳುವ ವ್ಯಾಪಾರಿ ಮೂಟೆಯಿಂದ ಹಿಡಿ ಕಾಫಿ ತೆಗೆದು, ಸಿಪ್ಪೆ ಬಿಡಿಸಿ, ತೂಗಿ, ಔಟ್‌ಟರ್ನ್ ಲೆಕ್ಕ ಹಾಕದೆ ದರ ಹೇಳುವುದುಂಟೆ? ಇಲ್ಲಿ ಹಣ ಕೊಟ್ಟ ಮೇಲೆಯೇ ಕಟ್ಟು ಬಿಚ್ಚುವುದು. ಬೇಡದ ಎಲೆ ಬಂದರೆ ಮಾರುವಂತಿಲ್ಲ. ಆಟ ನಿಂತ ದಿನ ಎಲೆಯೂ ಇಲ್ಲ.

ಸಿನಿಮಾ ಟಿಕೇಟಿನಂತೆ ಇದೂ ವಿನೋದದ ಖರ್ಚು ಎನ್ನುವವರಿದ್ದಾರೆ. ಆಗಲಿ, ಟಿಕೇಟು ಚಿತ್ರದ ಹೆಸರನ್ನಾದರೂ ಹೇಳುತ್ತದೆ. ಬೆಲ್ಜಿಯಂನ ಜೂಜು ಆಯೋಗ ಇಂಥ ಅದೃಷ್ಟದ ಪೆಟ್ಟಿಗೆಗಳನ್ನು 2018ರಲ್ಲೇ ಜೂಜೆಂದಿತು. ಕೇಂದ್ರದ 2025ರ ಕಾಯಿದೆ ನಿಷೇಧಿಸಿದ್ದು ಹಣ ಗೆಲ್ಲುವ ಆಸೆಯ ಆಟಗಳನ್ನು. ಕಳೆಯಲಷ್ಟೇ ಹಣವಿರುವ ಈ ವ್ಯಾಪಾರ ಹಾಗೇ ಉಳಿಯಿತು. ಮೊದಲು ಒಳಗಿರುವುದನ್ನು ತೋರಿಸಲಿ. ದರದ ಮಾತು ಆಮೇಲೆ.