ಬಲಗಡೆಯ ಅಂಕಿ

ಹೋಟೆಲಿನ ತಿಂಡಿಪಟ್ಟಿಯನ್ನು ಓದುವವರಲ್ಲಿ ಎರಡು ಪಂಗಡಗಳುಂಟು. ಎಡಗಡೆಯಿಂದ ಓದುವವರಿಗೆ ತಿಂಡಿಯ ಹೆಸರು ಮುಖ್ಯ. ಬಲಗಡೆಯಿಂದ ಓದುವವರ ಕಣ್ಣು ಮೊದಲು ಬೆಲೆಯ ಮೇಲೆ ಬಿದ್ದು, ಆಮೇಲೆ ಮೆಲ್ಲನೆ ಹೆಸರಿನ ಕಡೆಗೆ ಸರಿಯುತ್ತದೆ. ನನ್ನ ತಂದೆಯವರು ಈ ಎರಡನೆಯ ಪಂಗಡದ ಹಿರಿಯ ಸದಸ್ಯರು. ಮೂವತ್ತೈದು ವರ್ಷ ಹಳ್ಳಿಯ ಶಾಲೆಯಲ್ಲಿ ಗಣಿತ ಹೇಳಿದ ಅವರು, ಬೆಲೆ ತಿಳಿಯದೆ ಒಂದು ಲೋಟ ಕಾಫಿಯನ್ನೂ ಕುಡಿದವರಲ್ಲ. ಇದನ್ನು ಜಿಪುಣತನವೆಂದೇ ನಾನು ಬಹುಕಾಲ ತಿಳಿದಿದ್ದೆ. ಆ ತಿಳಿವಳಿಕೆ ತಪ್ಪೆಂಬುದು ಕಳೆದ ತಿಂಗಳು ಒಂದು ಉಪಾಹಾರ ಗೃಹದಲ್ಲಿ ಮನವರಿಕೆಯಾಯಿತು.

ಕಣ್ಣಿನ ಪರೀಕ್ಷೆಗೆಂದು ತಂದೆಯವರು ಬೆಂಗಳೂರಿಗೆ ಬಂದಿದ್ದರು. ಭಾನುವಾರದ ಸಂಜೆ ಮನೆಮಂದಿಯೆಲ್ಲ ಹೊಸದೊಂದು ಹೋಟೆಲಿಗೆ ಹೋದೆವು. ದೀಪಗಳು ಮಂದವಾಗಿದ್ದವು, ಕುರ್ಚಿಗಳು ಮೆತ್ತಗಿದ್ದವು, ಗೋಡೆಗಳ ಮೇಲೆ ಚಿತ್ರಗಳಿದ್ದವು. ಬೆಲೆಯ ಹಲಗೆ ಮಾತ್ರ ಎಲ್ಲಿಯೂ ಇರಲಿಲ್ಲ. ಮೇಜಿನ ನಡುವೆ ಚಿಕ್ಕದೊಂದು ಮರದ ತುಂಡು. ಅದರ ಮೇಲೆ ಕಪ್ಪುಬಿಳುಪಿನ ಚೌಕ. “ಸ್ಕ್ಯಾನ್ ಮಾಡಿ ಸಾರ್, ಮೆನು ಬರುತ್ತೆ” ಎಂದು ಹೇಳಿ ಹುಡುಗ ಹೊರಟುಹೋದ.

ಈ ಕ್ಯೂ.ಆರ್. ಚೌಕ 1994ರಲ್ಲಿ ಜಪಾನಿನಲ್ಲಿ ಹುಟ್ಟಿದ್ದು, ಮೋಟಾರು ಕಾರಿನ ಬಿಡಿಭಾಗಗಳ ಲೆಕ್ಕವಿಡುವುದಕ್ಕಾಗಿ. 2020ರಲ್ಲಿ ಕೊರೋನಾ ಬಂದು, ಒಬ್ಬರು ಮುಟ್ಟಿದ ಪಟ್ಟಿಯನ್ನು ಇನ್ನೊಬ್ಬರು ಮುಟ್ಟಲು ಅಂಜುವಂತಾದಾಗ ಅದು ನಮ್ಮ ಇಡ್ಲಿ ಸಾಂಬಾರುಗಳ ಪಕ್ಕಕ್ಕೆ ಬಂದು ಕುಳಿತಿತು. ರೋಗದ ಭಯ ಹೋಯಿತು, ಚೌಕ ಉಳಿಯಿತು.

ನನ್ನ ಫೋನಿನಲ್ಲಿ ಪಟ್ಟಿ ತೆರೆದುಕೊಂಡಿತು. ಮಡದಿ, ಮಗಳು ಅವಳ ಫೋನಿನ ಮೇಲೆ ಬಾಗಿದರು. ತಂದೆಯವರ ಜೇಬಿನಲ್ಲಿದ್ದುದು ಗುಂಡಿ ಒತ್ತುವ ಹಳೆಯ ಫೋನು. ಅವರು ಗೋಡೆಯನ್ನು ಒಮ್ಮೆ ನೋಡಿದರು, ಮೇಜನ್ನು ಒಮ್ಮೆ ನೋಡಿದರು.

“ಇಲ್ಲಿ ಏನೇನಿದೆಯಪ್ಪ? ಎಷ್ಟೆಷ್ಟಂತೆ?”

“ಬೆಲೆಯ ಯೋಚನೆ ನಿಮಗೇಕಪ್ಪ? ಬೇಕಾದ್ದು ಹೇಳಿ” ಎಂದೆ. ಪಿತೃಭಕ್ತಿಯನ್ನು ಮೆರೆದೆನೆಂಬ ಸಮಾಧಾನವೂ ನನಗೆ ಆಯಿತು.

“ಹಾಗಾದರೆ ನನಗೊಂದು ಕಾಫಿ ಸಾಕು” ಎಂದು ಅವರು ಸುಮ್ಮನಾದರು.

ಮಧ್ಯಾಹ್ನ ಅವರು ಉಂಡದ್ದು ಅಷ್ಟರಲ್ಲೇ ಇತ್ತು. ನನಗೆ ಹೊಳೆಯದ್ದು ನನ್ನ ಮಡದಿಗೆ ಹೊಳೆಯಿತು. ಅವಳು ಫೋನನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು, ಶಾಲೆಯ ಹುಡುಗಿ ಮಗ್ಗಿ ಒಪ್ಪಿಸುವಂತೆ ಓದತೊಡಗಿದಳು: “ಮಾವ, ಎರಡು ಇಡ್ಲಿಗೆ ಎಪ್ಪತ್ತು, ಸೆಟ್ ದೋಸೆಗೆ ನೂರ ಹತ್ತು, ಪೂರಿಗೆ ನೂರ ಇಪ್ಪತ್ತು...” ತಂದೆಯವರ ಬೆನ್ನು ನೆಟ್ಟಗಾಯಿತು. ಎಲ್ಲವನ್ನೂ ಕೇಳಿ, ಎರಡು ಕ್ಷಣ ಯೋಚಿಸಿ, “ಸೆಟ್ ದೋಸೆ ಇರಲಿ, ಕೊನೆಗೆ ಕಾಫಿ” ಎಂದರು. ಅತ್ಯಂತ ಅಗ್ಗದ್ದನ್ನೇ ಅವರು ಆರಿಸಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಬಿಲ್ಲು ಬಂದಾಗ ಗಣಿತದ ಮೇಷ್ಟರು ಎಚ್ಚೆತ್ತರು. ತಿಂಡಿಯ ಮೊತ್ತ 640 ರೂಪಾಯಿ. ಅದರ ಮೇಲೆ ಶೇಕಡಾ 10ರಂತೆ ಸೇವಾಶುಲ್ಕ 64. ಇವೆರಡನ್ನೂ ಕೂಡಿಸಿ, ಅದರ ಮೇಲೆ ಶೇಕಡಾ 5ರ ಜಿ.ಎಸ್.ಟಿ. ಒಟ್ಟು 739 ರೂಪಾಯಿ 20 ಪೈಸೆ. “ತೆರಿಗೆ ಸರ್ಕಾರದ್ದು, ಕೊಡೋಣ. ಈ ಅರವತ್ತನಾಲ್ಕು ಪಟ್ಟಿಯಲ್ಲಿ ಇತ್ತೇನಮ್ಮ?” ಎಂದು ಸೊಸೆಯನ್ನು ಕೇಳಿದರು. ಅವಳು ಬೆರಳಿನಿಂದ ಎಳೆಯುತ್ತ ಎಳೆಯುತ್ತ ಪಟ್ಟಿಯ ಪಾತಾಳವನ್ನು ಮುಟ್ಟಿದಾಗ ಇರುವೆಯಂಥ ಅಕ್ಷರಗಳಲ್ಲಿ ಅದು ಕಾಣಿಸಿತು.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಹೋಟೆಲಿನವರು ಸೇವಾಶುಲ್ಕವನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ. ಬೇರೆ ಹೆಸರಿನಿಂದಲೂ ವಸೂಲು ಮಾಡುವಂತಿಲ್ಲ. ಕೊಡುವುದು ಬಿಡುವುದು ಉಂಡವನ ಇಚ್ಛೆ. 2025ರ ಮಾರ್ಚ್‌ನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ನಾನು ಗಲ್ಲಾದ ಬಳಿ ಹೋಗಿ ಅಳುಕುತ್ತಲೇ ಇಷ್ಟನ್ನು ಹೇಳಿದೆ. ಅಲ್ಲಿದ್ದವರು ಮರುಮಾತಿಲ್ಲದೆ ಬೇರೆ ಬಿಲ್ಲು ಬರೆದುಕೊಟ್ಟರು: 672 ರೂಪಾಯಿ. ಉಳಿದದ್ದು 67 ರೂಪಾಯಿ 20 ಪೈಸೆ. ಕೇಳಿದವರಿಗೆ ಒಂದು ಬೆಲೆ, ಕೇಳದವರಿಗೆ ಇನ್ನೊಂದು! ತಂದೆಯವರು ತಮ್ಮ ಜೇಬಿನಿಂದ ಐವತ್ತರ ನೋಟೊಂದನ್ನು ತೆಗೆದು ತಿಂಡಿ ತಂದುಕೊಟ್ಟ ಹುಡುಗನ ಕೈಯಲ್ಲೇ ಇಟ್ಟರು. ಜಿಪುಣರು ಹೀಗೆ ಮಾಡುವುದಿಲ್ಲ.

ಮರುದಿನ ಕಾಲೇಜಿನಲ್ಲಿ ಈ ಕಥೆಯನ್ನು ಹೇಳಿ, ಯಂತ್ರದ ಪಟ್ಟಿಯನ್ನು ಬಾಯಿತುಂಬ ಹಳಿದೆ. ಹಾಸ್ಟೆಲಿನ ವಿದ್ಯಾರ್ಥಿಯೊಬ್ಬ ಸಂಕೋಚದಿಂದಲೇ ಪ್ರತಿಭಟಿಸಿದ: “ಹಾಗನ್ನಬೇಡಿ ಸಾರ್. ಒಳಗೆ ಹೋಗಿ ಕೂತು, ಕಾರ್ಡ್ ನೋಡಿ, ಎದ್ದುಬರೋ ಅವಮಾನ ನಿಮಗೆ ಗೊತ್ತಿಲ್ಲ. ಈಗ ರೂಮಿನಲ್ಲೇ ಬೆಲೆ ನೋಡಿಕೊಂಡು ಹೋಗ್ತೀನಿ.” ನನಗೆ ಉತ್ತರ ತೋಚಲಿಲ್ಲ. ಪರಿಚಯದ ಹೋಟೆಲು ಮಾಲಿಕರೊಬ್ಬರ ಅಳಲು ಬೇರೆ: ತರಕಾರಿಯ ಬೆಲೆ ದಿನಕ್ಕೊಂದು, ಅಡುಗೆ ಅನಿಲದ ಬೆಲೆ ತಿಂಗಳಿಗೊಂದು, ಪ್ರತಿಸಲವೂ ಹೊಸ ಪಟ್ಟಿಯನ್ನು ಅಚ್ಚು ಹಾಕಿಸುವುದು ಹೇಗೆ? ಇದೂ ನ್ಯಾಯವಾದ ಮಾತೇ. ಆದರೆ ಅಚ್ಚಾದ ಪಟ್ಟಿಯಲ್ಲಿ ಬೆಲೆ ಏರಿದರೆ ಹಳೆಯ ಅಂಕಿಯ ಮೇಲೆ ಅಂಟಿಸಿದ ಚೀಟಿಯಾದರೂ ಕಾಣುತ್ತಿತ್ತು. ಏರಿಸಿದವರಿಗೆ ಅಷ್ಟು ದಾಕ್ಷಿಣ್ಯವಿರುತ್ತಿತ್ತು. ಪರದೆಯ ಮೇಲೆ ಏರಿದ ಬೆಲೆಗೆ ಗಾಯದ ಗುರುತೂ ಇಲ್ಲ.

ಬೆಂಗಳೂರಿನ ದರ್ಶಿನಿಗಳನ್ನು ನೋಡಿ. 1983ರಲ್ಲಿ ಜಯನಗರದಲ್ಲಿ ಮೊದಲ ದರ್ಶಿನಿ ಬಾಗಿಲು ತೆರೆದಂದಿನಿಂದ ಅವುಗಳ ಕ್ರಮ ಒಂದೇ: ಗಲ್ಲಾದ ಮೇಲೆ ಹಲಗೆ, ಹಲಗೆಯ ಮೇಲೆ ಬೆಲೆ, ಮೊದಲು ಹಣ, ಆಮೇಲೆ ತಿಂಡಿ. ಕಾರಿನಲ್ಲಿ ಬಂದವನೂ, ಗಾರೆ ಕೆಲಸ ಮುಗಿಸಿ ಬಂದವನೂ ಒಂದೇ ಹಲಗೆಯ ಕೆಳಗೆ ಕತ್ತೆತ್ತಿ ನಿಲ್ಲುತ್ತಾರೆ. ಆ ಹಲಗೆ ಎಲ್ಲರಿಗೂ ಏಕಕಾಲದಲ್ಲಿ ಕೊಟ್ಟ ಮಾತು. ಅಂಗೈಯೊಳಗಿನ ಪಟ್ಟಿಯಾದರೋ ಒಬ್ಬೊಬ್ಬರ ಕಿವಿಯಲ್ಲಿ ಹೇಳಿದ ಗುಟ್ಟಿನಂತೆ. ಫೋನಿಲ್ಲದವರ ಕಿವಿಗೆ ಅದೂ ಇಲ್ಲ.

ಚೌಕವನ್ನು ಕಿತ್ತೆಸೆಯಿರೆಂದು ನಾನು ಹೇಳುವುದಿಲ್ಲ. ನನ್ನ ವಿದ್ಯಾರ್ಥಿಗಾಗಿ ಅದು ಇರಲಿ. ಅದರ ಜೊತೆಗೆ ಬಾಗಿಲಲ್ಲೊಂದು ಹಲಗೆ, ಮೇಜಿನ ಮೇಲೊಂದು ಕಾಗದದ ಪಟ್ಟಿ, ಅದರಲ್ಲಿ ತೆರಿಗೆಯೂ ಸೇರಿದ ಕೊನೆಯ ಬೆಲೆ, ಇಷ್ಟಿದ್ದರೆ ಸಾಕು. ಅಂಗಡಿಯ ಬಿಸ್ಕತ್ತಿನ ಪೊಟ್ಟಣಕ್ಕೆ ಸಾಧ್ಯವಾದದ್ದು ಹೋಟೆಲಿನ ದೋಸೆಗೆ ಅಸಾಧ್ಯವೇ?

ಊರಿಗೆ ಹೊರಡುವ ಮುನ್ನಾದಿನ ತಂದೆಯವರೊಡನೆ ಆ ಸಂಜೆಯ ಮಾತೆತ್ತಿದೆ. ನನ್ನ ಮೇಲೆ ಕೋಪವೇನೂ ಇರಲಿಲ್ಲ. “ಬೆಲೆ ಗೊತ್ತಿದ್ದರೆ ಆರಿಸಿಕೊಂಡ ಹಾಗೆ ಕಣೋ. ಗೊತ್ತಿಲ್ಲದಿದ್ದರೆ ಬೇಡಿಕೊಂಡ ಹಾಗೆ” ಎಂದರು, ಅಷ್ಟೆ.

ಮಾರನೆಯ ಬೆಳಿಗ್ಗೆ ಬಸ್ ನಿಲ್ದಾಣದ ದಾರಿಯಲ್ಲಿ ಒಂದು ದರ್ಶಿನಿ ಸಿಕ್ಕಿತು. ತಂದೆಯವರು ಹಲಗೆಯ ಮುಂದೆ ನಿಂತು, ಕನ್ನಡಕ ಸರಿಪಡಿಸಿಕೊಂಡು, ಬಲಗಡೆಯಿಂದ ಓದತೊಡಗಿದರು. ನಾನು ಹಣ ತೆಗೆಯಹೋದೆ. ಅವರು ಕೈಯಡ್ಡ ಹಿಡಿದು, “ಇವತ್ತು ನನ್ನ ಲೆಕ್ಕ. ನಿನಗೇನು ಬೇಕು ಹೇಳು” ಎಂದರು.

ಹೆಸರು ಹೇಳುವ ಮೊದಲು ನನ್ನ ಕಣ್ಣೂ ಹಲಗೆಯ ಬಲಗಡೆಗೇ ಹೋಯಿತು.