ಕ್ಲಬ್‌ಹೌಸ್ ಆಮೇಲೆ ನೋಡೋಣ, ಮೊದಲು ನಳದ ಮಾತು

1/6

ಬೆಂಗಳೂರು, ಪುಣೆ, ಮುಂಬೈ ಬಿಟ್ಟು ಹುಬ್ಬಳ್ಳಿ-ಧಾರವಾಡಕ್ಕೆ ಬರಬೇಕು, ಇಲ್ಲೇ ಒಂದು ಛಲೋ ಲಕ್ಸುರಿ ಮನಿ ತಗೋಬೇಕು ಅಂತ ಲೆಕ್ಕ ಹಾಕುತ್ತಿರುವವರಿಗೆ ಈ ಸರಣಿ. ಆರು ಪೋಸ್ಟ್ ಅದಾವ, ಸೇವ್ ಮಾಡಿ ಇಟ್ಕೊಳ್ರಿ.

ನಾನು ಏಜೆಂಟ್ ಅಲ್ಲ, ಬಿಕಾಂ ಓದೋ ಹುಡುಗಿ. ನಮ್ಮ ಕಾಕಾ ಬೆಂಗಳೂರಿನಲ್ಲಿ ನೌಕರಿ ಮುಗಿಸಿ ಊರಿಗೆ ಬರುವ ವಿಚಾರದಲ್ಲಿದ್ದಾರೆ. ಅಲ್ಲಿಯ ಫ್ಲ್ಯಾಟ್ ಮಾರಿ ಇಲ್ಲಿ ಕೊಳ್ಳಬೇಕು. "ನೀ ಕಾಮರ್ಸ್ ಓದ್ತಿಯಲ್ಲ, ಒಂದು ಪಟ್ಟಿ ಮಾಡಿ ಕೊಡು" ಅಂದ್ರು. ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿದೆ. ಮೂರು ಸಾಲು ಬಂದವು.

ಒಂದು: ಹುಬ್ಬಳ್ಳಿ-ಧಾರವಾಡ ರಸ್ತೆಗೆ ಹತ್ತಿರ ಹೊಸ ಅಪಾರ್ಟ್‌ಮೆಂಟ್‌ನಲ್ಲಿ 3 ಬಿಎಚ್‌ಕೆ. ಈಜುಕೊಳ, ಜಿಮ್, ಕ್ಲಬ್‌ಹೌಸ್ ಎಲ್ಲಾ ಇವೆ.

ಎರಡು: ಬೈಪಾಸ್ ಆಚೆ ಗೇಟ್ ಹಾಕಿದ ಲೇಔಟ್‌ನಲ್ಲಿ ವಿಲ್ಲಾ.

ಮೂರು: ಧಾರವಾಡದ ಸಪ್ತಾಪುರ, ಮಾಳಮಡ್ಡಿಯಂಥ ಹಳೆ ಬಡಾವಣೆಯಲ್ಲಿ ಸ್ವತಂತ್ರ ಮನೆ. ಹಿತ್ತಲಿದೆ, ಮಾವಿನ ಗಿಡ ಇದೆ, ಲಿಫ್ಟ್ ಇಲ್ಲ.

ಕಾಕಾಗೆ ಮೊದಲನೇದು ಬೇಕು. ಕಾಕೂಗೆ ಮೂರನೇದು. ನಮ್ಮ ಅಪ್ಪ ಎರಡನೇದಕ್ಕೆ ನಿಂತಾರ, "ಮನಿ ಅಂದ್ರ ಕಾಲ ಕೆಳಗ ನಮ್ಮ ಮಣ್ಣಿರಬೇಕು" ಅಂತ.

ನನ್ನ ಅಭಿಪ್ರಾಯ ಇಷ್ಟು. ನಾವೆಲ್ಲಾ ಗೇಟಿನ ಒಳಗೆ ಏನಿದೆ ಅಂತ ಹೋಲಿಸುತ್ತೇವೆ. ಇಟಾಲಿಯನ್ ಮಾರ್ಬಲ್ಲು, ಮಾಡ್ಯುಲರ್ ಕಿಚನ್ನು. ಆದರೆ ಈ ಊರಿನಲ್ಲಿ ಸುಖವಾಗಿ ಇರ್ತೀರೋ ಇಲ್ಲೋ ಅನ್ನೋದನ್ನ ತೀರ್ಮಾನ ಮಾಡೋದು ನೀರು, ನೆಲ, ಕಾಗದ. ಈ ಮೂರೂ ಬ್ರೋಷರ್‌ನಲ್ಲಿ ಇರೋದಿಲ್ಲ.

2/6: ದರದ ಲೆಕ್ಕ

ಬೆಂಗಳೂರಿನಿಂದ ಬಂದವರು ಇಲ್ಲಿಯ ದರ ಕೇಳಿದ ಕೂಡಲೇ "ಇಷ್ಟೇನಾ?" ಅಂತಾರ. ಅಲ್ಲೇ ಸಿಗಬೀಳೋದು ನೋಡ್ರಿ.

ಉದಾಹರಣೆಗೆ, ಸೂಪರ್ ಬಿಲ್ಟ್-ಅಪ್ 2,000 ಚದರ ಅಡಿ, ಅಡಿಗೆ ₹5,000, ಒಟ್ಟು 1 ಕೋಟಿ ಅಂತ ಇಟ್ಕೊಳ್ಳೋಣ. ಈ 2,000ದಲ್ಲಿ ಮೆಟ್ಟಿಲು, ಲಿಫ್ಟು, ಲಾಬಿ, ಕ್ಲಬ್‌ಹೌಸಿನ ನಿಮ್ಮ ಪಾಲು ಎಲ್ಲಾ ಸೇರಿರುತ್ತದೆ. ಬಾಗಿಲ ಒಳಗಿನ ಕಾರ್ಪೆಟ್ ಏರಿಯಾ 1,400 ಅಡಿ ಇದ್ದರೆ, ನೀವು ಕೊಟ್ಟ ನಿಜವಾದ ದರ ಅಡಿಗೆ ಸುಮಾರು ₹7,143. 2016ರ ರೇರಾ ಕಾಯ್ದೆ ಪ್ರಕಾರ ಬಿಲ್ಡರ್ ಕಾರ್ಪೆಟ್ ಏರಿಯಾ ಹೇಳಲೇಬೇಕು. ಕೇಳ್ರಿ, ನಾಚಿಕೊಳ್ಳಬ್ಯಾಡ್ರಿ.

ಇನ್ನು ಮೇಲಿನ ಖರ್ಚು. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್ಸು, ನಗರದ ಸರ್‌ಚಾರ್ಜು ಸೇರಿ ಶೇ 5.6 ಆಗುತ್ತದೆ. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಅಂದ್ರ ಕೋಟಿಗೆ ₹7.6 ಲಕ್ಷ. ಕಟ್ಟಡ ಇನ್ನೂ ಮುಗಿದಿಲ್ಲ ಅಂದ್ರ ಜಿಎಸ್‌ಟಿ ಶೇ 5, ಇನ್ನೊಂದು 5 ಲಕ್ಷ. ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ಮೇಲೆ ಮಾರಾಟವಾಗುವ ಮನೆಗೆ ಈ ಜಿಎಸ್‌ಟಿ ಇಲ್ಲ. ಒಂದೇ ದರದ ಎರಡು ಫ್ಲ್ಯಾಟ್, ಒಂದು ಕಟ್ಟಿ ಮುಗಿದದ್ದು, ಒಂದು ಕಟ್ಟುತ್ತಿರುವುದು ಅಂದ್ರ ಅವು ಒಂದೇ ದರದವು ಅಲ್ಲ.

ತಿಂಗಳ ನಿರ್ವಹಣೆ ಅಡಿಗೆ ₹3 ಅಂದ್ರೂ 2,000 ಅಡಿಗೆ ವರ್ಷಕ್ಕೆ ₹72,000. ಪಿಂಚಣಿ ಮೇಲೆ ಬದುಕುವವರು ಈ ಸಾಲನ್ನು ಪಟ್ಟಿಯ ಮೊದಲಿಗೆ ಬರೀಬೇಕು. ಈಜುಕೊಳದಾಗ ಇಳೀರಿ ಬಿಡ್ರಿ, ಅದರ ನೀರಿಗೆ ನೀವು ರೊಕ್ಕ ಕೊಡ್ತೀರಿ.

ಅಪ್ಪನ ಮಾತಿಗೂ ಲೆಕ್ಕದ ಬಲ ಐತಿ. ಕಟ್ಟಡಕ್ಕೆ ಸವಕಳಿ ಇದೆ, ಭೂಮಿಗೆ ಇಲ್ಲ. ಇದು ನಮ್ಮ ಅಕೌಂಟ್ಸ್‌ನ ಮೊದಲ ವರ್ಷದ ಪಾಠ. ಫ್ಲ್ಯಾಟ್ ಕೊಳ್ಳುವವರು "ನನ್ನ ಪಾಲಿಗೆ ಬರುವ ಅವಿಭಜಿತ ಭೂಮಿ ಎಷ್ಟು ಅಡಿ?" ಅಂತ ಕೇಳಲೇಬೇಕು. ಇಪ್ಪತ್ತು ವರ್ಷ ಆದ ಮೇಲೆ ಬೆಲೆ ಬಾಳೋದು ಅದೇ.

3/6: ನೀರು

ಬೆಂಗಳೂರಿನವರು ಕೇಳುವ ಪ್ರಶ್ನೆ, "ಆಫೀಸಿಗೆ ಎಷ್ಟು ಹೊತ್ತು?" ಇಲ್ಲಿ ಕೇಳಬೇಕಾದ ಪ್ರಶ್ನೆ, "ನಳ ಎಷ್ಟು ದಿನಕ್ಕೊಮ್ಮೆ ಬರ್ತದ?"

ಅವಳಿ ನಗರಕ್ಕೆ ಮುಖ್ಯ ನೀರು ಮಲಪ್ರಭೆಯದು, ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟಿನಿಂದ. ಹುಬ್ಬಳ್ಳಿಗೆ ನೀರು ಕೊಟ್ಟ ನೀರಸಾಗರ ಕೆರೆ ಮಳೆ ಕೈಕೊಟ್ಟ ವರ್ಷ ಬತ್ತಿದ್ದೂ ಉಂಟು. 2008ರಲ್ಲಿ ಇಲ್ಲಿಯ ಕೆಲವು ವಾರ್ಡ್‌ಗಳಲ್ಲಿ 24×7 ನೀರು ಶುರುವಾಗಿ ದೇಶದ ತುಂಬಾ ಹೆಸರಾಯಿತು. ಆದರೆ ಊರಿಗೆಲ್ಲಾ ಅದು ಹಬ್ಬಲಿಲ್ಲ. ಒಂದು ಓಣಿಯಲ್ಲಿ ಇಪ್ಪತ್ನಾಲ್ಕು ತಾಸು ನೀರು, ಎರಡು ಓಣಿ ದಾಟಿದರೆ ವಾರಗಟ್ಟಲೆ ಕಾಯುವ ಜನ. ಮನೆಯ ದರದಲ್ಲಿ ಈ ಫರಕು ಕಾಣೋದಿಲ್ಲ, ಬ್ಯಾಸಗಿಯಲ್ಲಿ ಕಾಣತೈತಿ.

ಮಹದಾಯಿ ಹೋರಾಟ ಸುದ್ದಿಯಲ್ಲಿ ನೋಡಿರ್ತೀರಿ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕಳಸಾ-ಬಂಡೂರಿಗೆ 3.9 ಟಿಎಂಸಿ ಅಡಿ ಹಂಚಿತು. ಮಲಪ್ರಭೆಗೆ ತಿರುಗಿಸಬೇಕಾದ ನೀರು ಅದು. ನವಲಗುಂದ, ನರಗುಂದದ ರೈತರು ಬೀದಿಗಿಳಿದದ್ದೂ ನಿಮ್ಮ ನಳದಾಗ ನೀರು ಬರೋದೂ ಒಂದೇ ನದಿಯ ವಿಷಯ.

ಲೆಕ್ಕ ಮಾಡೋಣ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನೋದು ನಗರಗಳಿಗೆ ಹಾಕಿದ ಅಳತೆ. ನಾಲ್ಕು ಜನರಿಗೆ 540 ಲೀಟರ್. ಎಂಟು ದಿನಕ್ಕೊಮ್ಮೆ ನಳ ಬಂದ್ರ 4,320 ಲೀಟರ್ ಹಿಡಿದಿಡಬೇಕು. ಸ್ವತಂತ್ರ ಮನೆಗೆ 5,000 ಲೀಟರ್‌ಗೆ ಕಡಿಮೆಯಿಲ್ಲದ ಸಂಪ್ ಇದೆಯೋ ನೋಡ್ರಿ. ಅದೇ 100 ಫ್ಲ್ಯಾಟಿನ ಕಟ್ಟಡಕ್ಕೆ ದಿನಕ್ಕೆ 54,000 ಲೀಟರ್ ಬೇಕು. ಬೋರ್ ಬತ್ತಿತು ಅಂದ್ರ 12,000 ಲೀಟರಿನ ಟ್ಯಾಂಕರ್ ದಿನಕ್ಕೆ ನಾಲ್ಕೂವರೆ. ಆ ಬಿಲ್ಲು ನಿರ್ವಹಣೆ ಹೆಸರಿನಾಗ ನಿಮ್ಮ ಮನಿಗೇ ಬರ್ತದ.

ಮಾರುವವರನ್ನು ಕೇಳಬ್ಯಾಡ್ರಿ. ಎದುರು ಮನೆಯ ಅಜ್ಜಿನ್ನ ಕೇಳ್ರಿ. ಪಾತ್ರೆ ತುಂಬಿಸಿದವರಿಗೇ ಗೊತ್ತಿರೋದು.

4/6: ನೆಲ

ಇದು ಹೊರಗಿನವರಿಗೆ ಹೊಳೆಯೋದೇ ಇಲ್ಲ. ಧಾರವಾಡ ಜಿಲ್ಲೆಯಲ್ಲಿ ಎರಡು ನೆಲ ಕೂಡುತ್ತವೆ. ಪೂರ್ವಕ್ಕೆ, ನವಲಗುಂದದ ಕಡೆ ಎರಿ ಭೂಮಿ. ಪಶ್ಚಿಮಕ್ಕೆ, ಕಲಘಟಗಿ-ಅಳ್ನಾವರದ ಕಡೆ ಕೆಂಪು ಮಸಾರಿ.

ಎರಿ ಭೂಮಿ ಹತ್ತಿಗೆ, ಜೋಳಕ್ಕೆ, ಕಡಲೆಗೆ ಬಂಗಾರ. ಮನಿ ಕಟ್ಟಲಿಕ್ಕೆ ಮಾತ್ರ ಹುಷಾರಾಗಿರಬೇಕು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬ್ಯಾಸಗಿಯಲ್ಲಿ ಒಣಗಿ ಕೈ ಹೋಗುವಷ್ಟು ಬಿರಿಯುತ್ತದೆ. ಮೇಲೆ ಕೂತ ಮನೆಯನ್ನೂ ತನ್ನ ಸಂಗಡ ಎತ್ತಿ ಇಳಿಸುತ್ತದೆ. ಹೊಸ ವಿಲ್ಲಾದ ಕಾಂಪೌಂಡ್ ಗೋಡೆ ಎರಡನೇ ವರ್ಷಕ್ಕೆ ಓರೆ ಬಿರುಕು ಬಿಡೋದು ಬಹಳ ಸಲ ಇದರಿಂದಲೇ. ಬುನಾದಿ ಸಾಕಷ್ಟು ಆಳಕ್ಕೆ ಹೋಗಿದ್ದರೆ, ಇಲ್ಲವೇ ಕಪ್ಪು ಮಣ್ಣು ತೆಗೆದು ಮುರುಮ್ ತುಂಬಿದ್ದರೆ ತೊಂದರೆ ಇಲ್ಲ. ಅದಕ್ಕೆ ಖರ್ಚು ಬರುತ್ತದೆ, ಖರ್ಚು ಉಳಿಸೋರು ಅಲ್ಲೇ ಉಳಿಸ್ತಾರ, ಯಾಕಂದ್ರ ಬುನಾದಿ ಯಾರಿಗೂ ಕಾಣೋದಿಲ್ಲ.

ವಿಲ್ಲಾ ನೋಡುವವರು ಮಣ್ಣಿನ ಪರೀಕ್ಷೆಯ ವರದಿ ಕೇಳ್ರಿ. ಅದೇ ಲೇಔಟ್‌ನಲ್ಲಿ ಮೂರು ವರ್ಷ ಹಳೆಯ ಮನೆ ಇದ್ದರೆ ಅದರ ಗೋಡೆ ನೋಡ್ರಿ. ಮೇ ತಿಂಗಳಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ ಹೋಗ್ರಿ. ಡಿಸೆಂಬರ್‌ನಲ್ಲಿ ಎಲ್ಲಾ ಲೇಔಟೂ ಚಂದ ಕಾಣ್ತಾವ.

ದೂರದ ಮಾತೂ ಇಲ್ಲೇ ಮುಗಿಸ್ತೀನಿ. ಎರಡು ಊರಿನ ನಡುವೆ ಸುಮಾರು 20 ಕಿ.ಮೀ. ಚಿಗರಿ ಬಸ್ಸಿಗೆ ಬ್ಯಾರೇನೇ ದಾರಿ ಐತಿ. ನಾನು ದಿನಾ ಅದರಲ್ಲೇ ಓಡಾಡ್ತೀನಿ. ವಿದ್ಯಾನಗರದ ಕಿಮ್ಸ್, ಸತ್ತೂರಿನ ಎಸ್‌ಡಿಎಂ, ಎರಡೂ ದೊಡ್ಡ ಆಸ್ಪತ್ರೆ ಇದೇ ರಸ್ತೆಗೆ. ಅರವತ್ತು ದಾಟಿದವರು ಬೈಪಾಸ್ ಆಚೆ ಮನೆ ಮಾಡಿದರೆ, ಕಾರು ಓಡಿಸೋದು ಬಿಟ್ಟ ದಿನ ಆ ಮನೆ ಚಂದನೆಯ ದ್ವೀಪ ಆಗತೈತಿ.

5/6: ಕಾಗದ

2019ರ ಮಾರ್ಚ್ 19. ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಆಗ ನಾನು ಶಾಲೆಯಲ್ಲಿದ್ದೆ. ಈ ಊರಿನವರು ಹೊಸ ಕಟ್ಟಡದ ಮುಂದೆ ನಿಂತಾಗ ಟೈಲ್ಸ್ ನೋಡೋಕಿಂತ ಮೊದಲು ಕಂಬ ನೋಡೋದು ಅದಕ್ಕೇ. ನೀವೂ ನೋಡಬೇಕು. ಕಾಗದ ಅಂದ್ರ ಬರೇ ಮಾಲೀಕತ್ವದ ಮಾತಲ್ಲ, ಜೀವದ ಮಾತು.

ಫ್ಲ್ಯಾಟ್ ಆದರೆ: ಕರ್ನಾಟಕ ರೇರಾ ಜಾಲತಾಣದಲ್ಲಿ ಯೋಜನೆಯ ನೋಂದಣಿ ಸಂಖ್ಯೆ ಹಾಕಿ ನೋಡ್ರಿ. ಕೊಳ್ಳುವವರಿಂದ ಬಂದ ಹಣದ ಶೇ 70 ಆ ಯೋಜನೆಯ ಪ್ರತ್ಯೇಕ ಖಾತೆಯಲ್ಲಿ ಇರಬೇಕು. ಮನೆ ಕೈಗೆ ಬಂದ ಮೇಲೆ 5 ವರ್ಷದ ತನಕ ಕಟ್ಟಡದ ದೋಷಕ್ಕೆ ಬಿಲ್ಡರೇ ಹೊಣೆ. ಆದರೆ ಚಿಕ್ಕ ಯೋಜನೆಗಳಿಗೆ ವಿನಾಯಿತಿ ಇದೆ: 500 ಚದರ ಮೀಟರ್ ಮೀರದ ಜಾಗ, ಅಥವಾ 8 ಮೀರದ ಮನೆ. "ಬರೇ ಎಂಟೇ ಫ್ಲ್ಯಾಟ್, ಬಾಳ ಪ್ರೈವೆಸಿ ಐತ್ರಿ" ಅಂತ ಹೇಳಿದರೆ ಈ ಸಾಲು ನೆನಪಿಟ್ಕೊಳ್ರಿ.

ವಿಲ್ಲಾ, ಪ್ಲಾಟ್ ಆದರೆ: ಹೊಲ ಎನ್‌ಎ ಆಗಿದೆಯೇ? ಲೇಔಟಿಗೆ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇದೆಯೇ? ರಸ್ತೆ, ಉದ್ಯಾನದ ಜಾಗ ನಕ್ಷೆಯಲ್ಲಿ ಇದ್ದಂತೆ ನೆಲದ ಮೇಲೂ ಇದೆಯೇ?

ಹಳೆ ಮನೆ ಆದರೆ: ಬೆಂಗಳೂರಿನವರಿಗೆ ಖಾತಾ ಗೊತ್ತು, ಇಲ್ಲಿ ಸಿಟಿ ಸರ್ವೆ ಉತಾರನೂ ನೋಡಬೇಕು. ಅದರಲ್ಲಿ ಅಜ್ಜನ ಹೆಸರೇ ಇನ್ನೂ ಇದ್ದರೆ, ಅವರ ಮಕ್ಕಳು, ಹೆಣ್ಣುಮಕ್ಕಳು ಎಲ್ಲರ ಸಹಿ ಬೇಕು. 2005ರ ತಿದ್ದುಪಡಿ ಆದ ಮೇಲೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. "ಅಕ್ಕಾರು ಒಪ್ಪ್ಯಾರ" ಅನ್ನೋ ಬಾಯಿಮಾತಿಗೆ ಮುಂಗಡ ಕೊಡಬ್ಯಾಡ್ರಿ.

ಮೂರಕ್ಕೂ ಋಣಭಾರ ಪತ್ರ, ಇ-ಖಾತಾ ಮತ್ತು ನೀವೇ ಫೀ ಕೊಟ್ಟ ವಕೀಲರು ಬೇಕು. ಮಾರುವವರ ವಕೀಲರು ಸಾಲೋದಿಲ್ಲ.

6/6: ಹಂಗಾದ್ರ ಯಾವ್ದು?

ನನ್ನ ಉತ್ತರ: ಮೊದಲ ವರ್ಷ ಯಾವುದೂ ಬ್ಯಾಡ. ಬಾಡಿಗೆಗೆ ಇರ್ರಿ.

"ಫ್ಲ್ಯಾಟ್ ಮಾರಿದ ದುಡ್ಡಿಗೆ ತೆರಿಗೆ ಬೀಳ್ತದ, ಲಗೂನ ತಗೋಬೇಕು" ಅಂತ ಕಾಕಾ ಗಡಿಬಿಡಿ ಮಾಡ್ತಿದ್ರು. ಇಷ್ಟು ಗಡಿಬಿಡಿ ಬೇಕಿಲ್ಲ. 24 ತಿಂಗಳಿಗಿಂತ ಹೆಚ್ಚು ಕಾಲ ನಿಮ್ಮದಾಗಿದ್ದ ಮನೆ ಮಾರಿದರೆ, ಹೊಸ ಮನೆ ಕೊಳ್ಳಲು 2 ವರ್ಷ, ಕಟ್ಟಿಸಲು 3 ವರ್ಷ ಸಮಯ ಇದೆ. ಅಷ್ಟರೊಳಗೆ ರಿಟರ್ನ್ ಸಲ್ಲಿಸುವ ಕೊನೆಯ ದಿನ ಬಂದರೆ, ಬಳಸದ ಲಾಭದ ಹಣವನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ ಇಟ್ಟರೆ ವಿನಾಯಿತಿ ಉಳಿಯುತ್ತದೆ. ನಿಮ್ಮ ಸಿಎ ಹತ್ತಿರ ಒಮ್ಮೆ ಕೂತು ಮಾತಾಡ್ರಿ.

ಬಾಡಿಗೆ ರೊಕ್ಕ ನೀರಾಗ ಹಾಕಿದಂಗ ಅಂತೀರಾ? 1 ಕೋಟಿಯ ಮನೆಯಂಥದ್ದೇ ಮನೆ ತಿಂಗಳಿಗೆ ₹25,000ಕ್ಕೆ ಸಿಕ್ಕರೆ ವರ್ಷಕ್ಕೆ 3 ಲಕ್ಷ. ಅದೇ ಕೋಟಿಗೆ ಶೇ 6.5 ಬಡ್ಡಿ ಬಂದರೆ ತೆರಿಗೆಗೆ ಮೊದಲು 6.5 ಲಕ್ಷ. ತಪ್ಪು ಮನೆ ಕೊಂಡು ಮಾರಿದರೆ ಬರೇ ನೋಂದಣಿಯದೇ 7.6 ಲಕ್ಷ ಹೋಯಿತು. ಒಂದು ವರ್ಷದ ಬಾಡಿಗೆ ಅಂದ್ರ ಒಂದು ಬ್ಯಾಸಗಿ, ಒಂದು ಮಳೆಗಾಲ ಕಣ್ಣಾರೆ ನೋಡೋದಕ್ಕೆ ಕೊಟ್ಟ ಫೀ. ಅಷ್ಟರಲ್ಲಿ ದರ ಏರಬಹುದು, ಖರೆ. ಆದರೂ ನಿವೃತ್ತಿಯ ಗಂಟು ಒಂದೇ ಇರೋದು, ಎರಡನೇ ಸಲ ಕೊಳ್ಳಲಿಕ್ಕೆ ಬರೋದಿಲ್ಲ.

ವರ್ಷದ ಮೇಲೆ ಕೊಳ್ಳುವಾಗ ನನ್ನ ಆಯ್ಕೆ ಹೀಗೆ. ವಯಸ್ಸಾದ ಇಬ್ಬರೇ ಇದ್ದರೆ, ಚಿಗರಿ ನಿಲ್ದಾಣಕ್ಕೆ ನಡೆದು ಹೋಗುವ ದೂರದಲ್ಲಿ, ಕಟ್ಟಿ ಮುಗಿದ, ಕಡಿಮೆ ಸೌಕರ್ಯದ ಫ್ಲ್ಯಾಟ್. ಸಣ್ಣ ಮಕ್ಕಳಿದ್ದರೆ, ಉತಾರ ಸ್ವಚ್ಛ ಇರುವ ಹಳೆ ಬಡಾವಣೆಯ ಮನೆ. ಬೈಪಾಸ್ ಆಚೆಯ ವಿಲ್ಲಾ, ಇಬ್ಬರು ಕಾರು ಓಡಿಸುವವರಿದ್ದು ನೆಲದ ವರದಿ ಕೈಯಲ್ಲಿದ್ದರೆ ಮಾತ್ರ.

ಇನ್ನೊಂದು ಮಾತು, ಸಿಟ್ಟಾಗಬ್ಯಾಡ್ರಿ. ನೀವು "ಇಷ್ಟೇನಾ?" ಅಂತ ಚೌಕಾಸಿ ಮಾಡದೆ ಕೊಟ್ಟ ದರ, ಮುಂದಿನ ವರ್ಷ ಇಲ್ಲೇ ನೌಕರಿ ಹುಡುಕುವ ನನ್ನಂಥವರಿಗೆ ಊರಿನ ದರ ಆಗುತ್ತದೆ. ಹುಡುಗರು ನೌಕರಿಗೆ ಅಂತ ಬೆಂಗಳೂರಿಗೆ ಹೋಗೋದು ಹಳೆ ಕಥೆ. ಮನಿ ದರಕ್ಕೆ ಹೆದರಿ ಊರು ಬಿಡೋದು ಹೊಸ ಕಥೆ ಆಗಬಾರದು. ಅದಕ್ಕೇ ಕೇಳ್ತೀನಿ, ಬರ್ರಿ, ಖಂಡಿತ ಬರ್ರಿ, ಆದರೆ ಇಲ್ಲಿಯ ಅಳತೆಯಲ್ಲಿ ಅಳೆದು ಕೊಳ್ರಿ.

ಈಗ ನಿಮ್ಮ ಕೆಲಸ. ಅವಳಿ ನಗರದಲ್ಲಿ ಇರುವವರು ಕಮೆಂಟ್‌ನಲ್ಲಿ ಎರಡೇ ಮಾತು ಬರೀರಿ: ನಿಮ್ಮ ಬಡಾವಣೆ ಯಾವುದು, ನಳ ಎಷ್ಟು ದಿನಕ್ಕೊಮ್ಮೆ ಬರ್ತದ. ಎಲ್ಲಾ ಸೇರಿಸಿ ಒಂದು ಪಟ್ಟಿ ಮಾಡಿ ಹಾಕ್ತೀನಿ. ಆ ಪಟ್ಟಿ ಯಾವ ಬ್ರೋಷರ್‌ನಲ್ಲೂ ಸಿಗೋದಿಲ್ಲ.

#ಹುಬ್ಬಳ್ಳಿಧಾರವಾಡ #ಅವಳಿನಗರ #ಮನಿಲೆಕ್ಕ #ನಳಬಂತು #ಬಿಕಾಂಹುಡುಗಿ